ಹೆಸರು ಅವರದು, ಹೊಣೆ ಬರೆದವರದು

ಬರವಣಿಗೆಯಿಂದಲೇ ಸಂಸಾರ ನಡೆಸುತ್ತೇನೆ ಎಂದು ಮೈಸೂರಿನಲ್ಲಿ ಯಾರಿಗಾದರೂ ಹೇಳಿದರೆ, ಅವರು ಮೊದಲು ಕೇಳುವುದು ಯಾವ ಪತ್ರಿಕೆ ಎಂದು. ಪತ್ರಿಕೆಗಲ್ಲ, ಅಂಗಡಿ, ಹೋಂಸ್ಟೇ, ದವಾಖಾನೆ, ಯೋಗಶಾಲೆಗಳ ಜಾಲತಾಣಗಳಿಗೆ ಅವರವರ ಹೆಸರಿನಲ್ಲಿ ಬ್ಲಾಗ್ ಬರೆದುಕೊಡುತ್ತೇನೆ ಎಂದಾಗ ಎರಡನೆಯ ಪ್ರಶ್ನೆ ಬರುತ್ತದೆ: ಹಾಗಾದರೆ ಅದು ಜಾಹೀರಾತೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಏನನ್ನೂ ತಿಳಿಸದೆ ಬರೀ ಕೊಳ್ಳಿ ಕೊಳ್ಳಿ ಎನ್ನುವ ಬರಹ ಜಾಹೀರಾತೇ ಸರಿ. ಓದಿದವರು ಆ ಅಂಗಡಿಯ ಮೆಟ್ಟಿಲು ಹತ್ತದೇ ಹೋದರೂ ಅವರಿಗೆ ಉಪಯೋಗಕ್ಕೆ ಬರುವ ಒಂದಾದರೂ ಸಂಗತಿ ಅದರಲ್ಲಿದ್ದರೆ ಆಗ ಅದಕ್ಕೆ ಬರಹದ ಯೋಗ್ಯತೆ ಬರುತ್ತದೆ. ಈ ಎರಡರ ನಡುವಿನ ಗೆರೆಯನ್ನು ಕಾಯಬೇಕಾದವರು ಹಣ ಕೊಡುವವರಲ್ಲ, ಬರೆಯುವವರು ಎಂಬುದು ನನ್ನ ನಂಬಿಕೆ. ಈ ಕಸುಬಿನಲ್ಲಿ ಹೊಟ್ಟೆ ತುಂಬುವುದೂ ತುಂಬದಿರುವುದೂ ಕೊನೆಗೆ ಇದರ ಮೇಲೆಯೇ ನಿಂತಿದೆ.

ಕೆಲಸಕ್ಕೆ ನಮ್ಮ ಊರಿನಲ್ಲಿ ಬರವಿಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗವನ್ನು ಅರಸಿಕೊಂಡು ಹೊರದೇಶದವರು ಬರತೊಡಗಿದ ಮೇಲೆ ಗೋಕುಲಂ ಸುತ್ತಮುತ್ತ ಬೆಳೆದ ಯೋಗಶಾಲೆಗಳಿಗೆ, ಅವರಿಗೆ ಕೋಣೆ ಬಾಡಿಗೆಗೆ ಕೊಡುವ ಮನೆಗಳಿಗೆ ಇಂಗ್ಲಿಷ್ ಬರಹ ಬೇಕು. ಹೊಯ್ಸಳರ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿ, ಸೋಮನಾಥಪುರವೂ ಅದರಲ್ಲಿ ಒಂದಾದ ಮೇಲೆ ಹೋಂಸ್ಟೇಯವರಿಗೆ ಪ್ರವಾಸದ ಬರಹಗಳು ಬೇಕು. ರೇಷ್ಮೆ ಅಂಗಡಿ, ಅಗರಬತ್ತಿ ತಯಾರಕರು, ಕೋಚಿಂಗ್ ಕೇಂದ್ರ, ದಂತವೈದ್ಯರು, ನಿವೇಶನ ಮಾರುವವರು, ಮಂಡ್ಯದ ಕಡೆ ಬೆಲ್ಲ ಮಾರುವವರು, ಹೀಗೆ ಸಾಲು ಉದ್ದವಿದೆ. ಇವರಲ್ಲಿ ಕನ್ನಡದಲ್ಲೇ ಬರೆಸಬೇಕೆನ್ನುವವರು ಕೆಲವೇ ವರ್ಷಗಳ ಹಿಂದೆ ಬೆರಳೆಣಿಕೆಯಷ್ಟಿದ್ದರು. ಮೊಬೈಲಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವವರು ಹೆಚ್ಚಿದಂತೆ ಆ ಸಂಖ್ಯೆಯೂ ಹೆಚ್ಚುತ್ತಿದೆ.

ತೊಡಕು ಶುರುವಾಗುವುದು ದರದಿಂದ. ಈ ಕೆಲಸದಲ್ಲಿ ಪದದ ಲೆಕ್ಕದಲ್ಲಿ ಹಣ ಕೊಡುವುದು ರೂಢಿ. ಕನ್ನಡಕ್ಕೆ ಪದಕ್ಕೆ ಐವತ್ತು ಪೈಸೆ, ಬಹಳವೆಂದರೆ ಒಂದು ರೂಪಾಯಿ ಎಂದು ಹೇಳಿಕೊಂಡು ಬರುವ, ಬೇರೆಯವರಿಗಾಗಿ ಬರೆಸಿಕೊಡುವ ಏಜೆನ್ಸಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದೇ ಏಜೆನ್ಸಿ ಅದೇ ವಿಷಯಕ್ಕೆ ಇಂಗ್ಲಿಷಿನಲ್ಲಿ ಅದರ ಎರಡು ಮೂರು ಪಟ್ಟು ಕೊಡುತ್ತದೆ. ಕಾರಣ ಕೇಳಿದರೆ ಇಂಗ್ಲಿಷಿನದು ಬರಹ, ಕನ್ನಡದ್ದು ಅದರ ಅನುವಾದ ಎಂಬ ಉತ್ತರ ಬರುತ್ತದೆ. ಈ ಎಣಿಕೆಯಲ್ಲಿ ಎರಡು ಅನ್ಯಾಯಗಳಿವೆ. ಕನ್ನಡ ಓದುಗರಿಗೆಂದು ಕನ್ನಡದಲ್ಲೇ ಯೋಚಿಸಿ ಬರೆದದ್ದನ್ನು ಅನುವಾದದ ಬೆಲೆಗೆ ಇಳಿಸುವುದು ಒಂದು. ಎರಡನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: ವಿಭಕ್ತಿ, ಕಾಲ, ನಿಷೇಧ, ಕಾರಣ ಎಲ್ಲವನ್ನೂ ಕನ್ನಡ ಒಂದೇ ಪದದೊಳಗೆ ಕೂಡಿಸಿಕೊಳ್ಳುವುದರಿಂದ, ಇಂಗ್ಲಿಷಿನಲ್ಲಿ ಸಾವಿರ ಪದ ಬೇಡುವ ವಿಷಯ ಕನ್ನಡದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ‘ಹೋಗಲಾಗದಿದ್ದುದರಿಂದ’ ಎಂಬುದಕ್ಕೆ ಯಂತ್ರದ ಎಣಿಕೆಯಲ್ಲಿ ಒಂದು ಪದದ ಕೂಲಿ. ಅಂದರೆ ಅಡಕವಾಗಿ, ಚೆನ್ನಾಗಿ ಬರೆದಷ್ಟೂ ಆದಾಯ ಕಡಿಮೆಯಾಗುತ್ತದೆ. ಹಿಂಜಿ ಹಿಂಜಿ ಬರೆದವರಿಗೆ ಹೆಚ್ಚು ಸಿಗುತ್ತದೆ. ಜಾಲದಲ್ಲಿರುವ ಕನ್ನಡ ಬರಹಗಳಲ್ಲಿ ಒಂದೇ ಮಾತು ಮೂರು ಬಾರಿ ಸುತ್ತಿ ಬರುವುದಕ್ಕೆ ಬರೆದವರ ಅಸಾಮರ್ಥ್ಯವನ್ನು ದೂರುವ ಮುನ್ನ ಈ ಪದಗೂಲಿಯನ್ನು ನೋಡಬೇಕು.

ನಾನು ಈಗ ಪದಕ್ಕೆ ದರ ಹೇಳುವುದಿಲ್ಲ, ಬರಹಕ್ಕೆ ಹೇಳುತ್ತೇನೆ. ವಿಷಯ ಹುಡುಕುವುದು, ಸ್ಥಳಕ್ಕೆ ಹೋಗುವುದು, ಬಲ್ಲವರನ್ನು ಕೇಳುವುದು, ಒಂದು ಬಾರಿ ತಿದ್ದುವುದು ಎಲ್ಲವೂ ಆ ದರದೊಳಗೆ ಸೇರಿರುತ್ತವೆ. ಕಾಸಿಗೆ ತಕ್ಕ ಕಜ್ಜಾಯ ಎಂದು ನಾನೆಂದಾಗ ಮುಖ ತಿರುಗಿಸಿ ಹೋದವರಿದ್ದಾರೆ. ಉಳಿದವರು ಉಳಿಯುವುದಕ್ಕೆ ಕಾರಣ ಏನೆಂಬುದನ್ನು ಬೆಲ್ಲದ ಒಂದು ಕೆಲಸದಿಂದ ವಿವರಿಸಬಹುದು.

ಮಂಡ್ಯದ ಹತ್ತಿರ ಬೆಲ್ಲ ಮಾಡಿಸಿ ಆನ್‌ಲೈನಿನಲ್ಲಿ ಮಾರುವ ಒಬ್ಬರು ‘ಸಾವಯವ ಬೆಲ್ಲದ ಹತ್ತು ಪ್ರಯೋಜನಗಳು’ ಎಂಬ ಶೀರ್ಷಿಕೆ ಕೊಟ್ಟು ಬರಹ ಕೇಳಿದರು. ಆ ಶೀರ್ಷಿಕೆಯಡಿ ಬರೆದದ್ದು ಜಾಲದಲ್ಲಿ ರಾಶಿ ರಾಶಿಯಿದೆ. ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ. ನಾನು ಮೊದಲು ಅವರ ಆಲೆಮನೆ ನೋಡಬೇಕೆಂದೆ. ಬೆಳಗಿನ ಜಾವಕ್ಕೇ ಗಾಣ ಶುರುವಾಗಿತ್ತು. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು, ಒಣಗಿದ ಕಬ್ಬಿನ ಸಿಪ್ಪೆಯ ಉರಿಯಲ್ಲಿ ಕಾಯತೊಡಗಿದಾಗ ಸುಣ್ಣದ ತಿಳಿ ಹಾಕಿದರು. ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂತು. ಅದನ್ನು ಉದ್ದ ಹಿಡಿಯ ಜಾಲರಿಯಿಂದ ಮತ್ತೆ ಮತ್ತೆ ತೆಗೆಯುತ್ತಿದ್ದ ಹಿರಿಯರು, ಇಲ್ಲಿಯ ತನಕ ಎಲ್ಲ ಆಲೆಮನೆಯೂ ಒಂದೇ, ಬೇರೆಯಾಗುವುದು ಇನ್ನು ಮುಂದೆ ಎಂದರು. ಬಣ್ಣ ಹೊಳೆಯಬೇಕೆಂದರೆ ಈ ಹಂತದಲ್ಲಿ ಹೈಡ್ರೋಸ್ ಬೀಳುತ್ತದೆ. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಆ ಬಿಳಿ ಪುಡಿ ಕಂದು ಬಣ್ಣವನ್ನು ತೆಗೆದು ಹೊಂಬಣ್ಣ ಕೊಡುತ್ತದೆ, ಜೊತೆಗೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡನ್ನು ಉಳಿಸುತ್ತದೆ. ಇವರು ಅದನ್ನು ಹಾಕುವುದಿಲ್ಲ. ಬೆಂಡೆ ಗಿಡದ ಲೋಳೆಯನ್ನು ಹಾಕಿ ಇನ್ನೊಮ್ಮೆ ನೊರೆ ತೆಗೆಯುತ್ತಾರೆ. ಪಾಕವನ್ನು ನೀರಿನಲ್ಲಿ ಬಿಟ್ಟು, ಬೆರಳ ನಡುವೆ ಉಂಡೆ ಕಟ್ಟುವುದನ್ನು ನೋಡಿ, ಕೊಪ್ಪರಿಗೆ ಇಳಿಸಿ ಅಚ್ಚಿಗೆ ಸುರಿದಾಗ ಬಂದ ಬೆಲ್ಲ ಕಡು ಕಂದು ಬಣ್ಣದ್ದಾಗಿತ್ತು.

ಮಾಲೀಕರ ನಿಜವಾದ ಸಂಕಷ್ಟ ಅಲ್ಲಿ ಕಾಣಿಸಿತು. ಮಾರುಕಟ್ಟೆಯಲ್ಲಿ ಹೊಂಬಣ್ಣಕ್ಕೆ ಬೆಲೆ, ಕಪ್ಪು ಬೆಲ್ಲವನ್ನು ಕಂಡರೆ ಕೊಳ್ಳುವವರಿಗೆ ಅನುಮಾನ. ಹತ್ತು ಪ್ರಯೋಜನಗಳ ಪಟ್ಟಿ ಈ ಅನುಮಾನವನ್ನು ಮುಟ್ಟುವುದೇ ಇಲ್ಲ. ಒಳ್ಳೆಯ ಬೆಲ್ಲ ಏಕೆ ಕಪ್ಪಗಿರುತ್ತದೆ ಎಂಬುದನ್ನೇ ಕೊಪ್ಪರಿಗೆಯಿಂದ ಅಚ್ಚಿನವರೆಗೆ ಹಂತ ಹಂತವಾಗಿ ಬರೆದುಕೊಟ್ಟೆ. ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು ಎಂಬ ಒಂದು ಸಾಲನ್ನು ಸೇರಿಸಿ ಎಂದು ಅವರು ಕೇಳಿದರು. ಎಲ್ಲರೂ ಹಾಕುತ್ತಾರೆ ಎಂಬುದು ಅವರ ವಾದ. ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸೇ, ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಆ ಸಾಲನ್ನು ನಂಬಿ ಯಾರಾದರೂ ತಿಂದರೆ ಅವರಿಗೆ ನಾನೂ ನೀವೂ ಉತ್ತರ ಹೇಳಬೇಕಾಗುತ್ತದೆ ಎಂದೆ. ಅವರು ಒಪ್ಪಿದರು. ಆ ಬರಹವನ್ನು ಓದಿ ಫೋನ್ ಮಾಡಿದವರು ಬಣ್ಣದ ಬಗ್ಗೆ ಜಗಳ ತೆಗೆಯುವುದನ್ನು ಬಿಟ್ಟರು ಎಂದು ಅವರೇ ನಂತರ ತಿಳಿಸಿದರು. ನನ್ನ ದರವನ್ನು ಅವರು ಆಮೇಲೆ ಪ್ರಶ್ನಿಸಿಲ್ಲ.

ಎಲ್ಲರೂ ಹೀಗೆ ಒಪ್ಪುವುದಿಲ್ಲ. ನಗರದ ಒಂದು ಚಿಕಿತ್ಸಾಲಯದವರು ಮಧುಮೇಹವನ್ನು ಬೇರುಸಹಿತ ಗುಣಪಡಿಸುತ್ತೇವೆ ಎಂಬ ಅರ್ಥ ಬರುವಂತೆ ಸಾಲು ಬರಹಗಳನ್ನು ಕೇಳಿದ್ದರು. ತಿಂಗಳು ತಿಂಗಳು ಬರುವ ಕೆಲಸ, ಹಣವೂ ಚೆನ್ನಾಗಿತ್ತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ತನ್ನ ಅನುಸೂಚಿಯಲ್ಲಿ ಕೆಲವು ಕಾಯಿಲೆಗಳ ಪಟ್ಟಿ ಕೊಟ್ಟು, ಅವುಗಳನ್ನು ಗುಣಪಡಿಸುವ ಔಷಧವಿದೆ ಎಂದು ಜಾಹೀರಾತು ಮಾಡುವುದನ್ನು ನಿಷೇಧಿಸಿದೆ. ಮಧುಮೇಹ ಆ ಪಟ್ಟಿಯಲ್ಲಿದೆ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾವುದೇ ರೀತಿಯಲ್ಲಿ ಪಾಲುಗೊಳ್ಳಬಾರದು ಎಂಬುದು ಕಾಯ್ದೆಯ ಮಾತು. ಔಷಧ ಮಾರುವವರಿಗೆ ಮಾತ್ರ ಅದು ಸೀಮಿತವಲ್ಲ. ಬರೆದುಕೊಟ್ಟದ್ದಷ್ಟೇ ನನ್ನ ಕೆಲಸ, ಹಾಕಿದ್ದು ಅವರು ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಆ ಕೆಲಸ ಬಿಡುತ್ತಿದ್ದೆ. ಇನ್ಸುಲಿನ್ ನಿಲ್ಲಿಸಲು ನೆಪ ಹುಡುಕುತ್ತಿರುವ ಒಬ್ಬ ಹಿರಿಯರು ರಾತ್ರಿ ಹೊತ್ತು ಮೊಬೈಲಿನಲ್ಲಿ ಕನ್ನಡದಲ್ಲಿ ಓದುವಾಗ ಅವರೆದುರು ಇರುವುದು ನಾನು ಬರೆದ ವಾಕ್ಯ, ಚಿಕಿತ್ಸಾಲಯದ ಲೆಟರ್‌ಹೆಡ್ ಅಲ್ಲ.

ರೇಷ್ಮೆಯ ವಿಷಯದಲ್ಲಿ ಇಂಥದೇ ಗೆರೆ ಸ್ವಲ್ಪ ತೆಳುವಾಗಿರುತ್ತದೆ. ‘ಮೈಸೂರು ಸಿಲ್ಕ್’ ಎಂಬುದು ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿ ಪಡೆದ ಹೆಸರು. ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿದೆ, ಅದರ ನೇಯ್ಗೆ ಕಾರ್ಖಾನೆಯ ಮೂಲ 1912ರಷ್ಟು ಹಿಂದಕ್ಕೆ ಹೋಗುತ್ತದೆ. ನಿಗಮದ ಸೀರೆಗಳ ಮೇಲೆ ಕಸೂತಿಯಲ್ಲಿ ಸಂಕೇತ ಸಂಖ್ಯೆಯೂ ಹಾಲೊಗ್ರಾಮೂ ಇರುತ್ತವೆ. ಬೇರೆ ಕಡೆ ನೇಯ್ದ ಕ್ರೇಪ್ ರೇಷ್ಮೆಯನ್ನು ಮಾರುವ ಅಂಗಡಿಯವರು ಬರಹದ ತಲೆಬರಹದಲ್ಲಿ ಆ ಹೆಸರನ್ನೇ ಬಯಸುವುದು ಸಹಜ, ಏಕೆಂದರೆ ಜನ ಹುಡುಕುವುದು ಆ ಹೆಸರನ್ನು. ಅವರಿಗೆ ನಾನು ಸೂಚಿಸುವುದು ಎರಡನ್ನೂ ಪಕ್ಕದಲ್ಲಿಟ್ಟು ವ್ಯತ್ಯಾಸ ತಿಳಿಸುವ ಬರಹವನ್ನು: ಜರಿಯಲ್ಲಿ ಚಿನ್ನ ಬೆಳ್ಳಿಯ ಪಾಲು, ಸಂಕೇತ ಸಂಖ್ಯೆಯನ್ನು ಎಲ್ಲಿ ನೋಡಬೇಕು, ನಮ್ಮ ಅಂಗಡಿಯ ಸೀರೆ ಯಾವುದು, ಅದರ ಬೆಲೆ ಏಕೆ ಕಡಿಮೆ. ಇದು ಅಂಗಡಿಗೂ ಕ್ಷೇಮ. ಹುಡುಕಿ ಬಂದವರಿಗೆ ಬೇಕಾದ ಉತ್ತರವೂ ಸಿಗುತ್ತದೆ.

ಇನ್ನು ಹೆಸರಿನ ಮಾತು. ನಾನು ಬರೆದ ನೂರಾರು ಪುಟಗಳ ಕೆಳಗೆ ನನ್ನ ಹೆಸರಿಲ್ಲ. ಅದರ ಬಗ್ಗೆ ನನಗೆ ಕೊರಗಿಲ್ಲ, ಅದಕ್ಕೆ ಒಪ್ಪಿಯೇ ಹಣ ಪಡೆದಿರುತ್ತೇನೆ. ಆದರೆ ಒಪ್ಪುವುದು ಎಂದರೆ ಏನನ್ನು ಎಂಬುದು ಸ್ಪಷ್ಟವಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಕೆಲಸ ಕೊಟ್ಟವರದು; ಸ್ವತಂತ್ರವಾಗಿ ಬರೆದುಕೊಡುವವರ ಬರಹದ ಮೊದಲ ಹಕ್ಕು ಬರೆದವರದೇ. ಆ ಹಕ್ಕನ್ನು ವರ್ಗಾಯಿಸಲು ಸಹಿಯಿರುವ ಲಿಖಿತ ಪತ್ರ ಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದೂ ಕಾಯ್ದೆ ಭಾವಿಸುತ್ತದೆ. ಜಾಲತಾಣಕ್ಕೆ ಐದು ವರ್ಷದ ಗಡಿಯೂ ದೇಶದ ಗಡಿಯೂ ಹೊಂದುವುದಿಲ್ಲವಾದ್ದರಿಂದ ಇವೆರಡನ್ನೂ ಬಿಡಿಸಿ ಬರೆಯುವುದು ಕ್ಲೈಂಟ್‌ಗೂ ಒಳ್ಳೆಯದು. ಹಕ್ಕು ವರ್ಗಾವಣೆಯಾಗುವುದು ಪೂರ್ತಿ ಹಣ ಕೈಸೇರಿದ ದಿನ ಎಂಬ ಒಂದು ವಾಕ್ಯವನ್ನು ನಾನು ಯಾವ ಒಪ್ಪಂದದಿಂದಲೂ ಕೈಬಿಡುವುದಿಲ್ಲ. ಹಣ ಬಾರದೆ ಬರಹ ಮಾತ್ರ ಜಾಲದಲ್ಲಿ ಮೆರೆಯುತ್ತಿರುವಾಗ ಈ ವಾಕ್ಯವೊಂದೇ ಕೈಯಲ್ಲಿರುವ ಹತೋಟಿ.

ಕೃತಿಯ ಮೇಲೆ ಬರೆದವರಿಗೆ ಉಳಿಯುವ ವಿಶೇಷ ಹಕ್ಕನ್ನು, ಅಂದರೆ ಇದು ನನ್ನದು ಎನ್ನುವ ಹಕ್ಕನ್ನೂ, ಗೌರವಕ್ಕೆ ಕುಂದಾಗುವಂತೆ ತಿರುಚಿದಾಗ ತಡೆಯುವ ಹಕ್ಕನ್ನೂ, ಅದೇ ಕಾಯ್ದೆಯ 57ನೇ ವಿಧಿ ಹೇಳುತ್ತದೆ. ನಾನು ಬರೆದುಕೊಟ್ಟ ಮೇಲೆ ಅದರೊಳಗೆ ಸುಳ್ಳು ಸಂಖ್ಯೆ ತುರುಕಿದ ಸಂದರ್ಭ ಬಂದಾಗ ಈ ವಿಧಿಯನ್ನು ನೆನಪಿಸಿ ಮರ್ಯಾದೆಯಿಂದ ಪತ್ರ ಬರೆದಿದ್ದೇನೆ. ಸಂಖ್ಯೆಯನ್ನು ತೆಗೆದರು.

ಹಣದ ವಿಷಯಕ್ಕೆ ಬಂದರೆ, ಈ ಕಸುಬಿಗೆ ಹೊಸದಾಗಿ ಬರುವವರಿಗೆ ನಾನು ಬಿಡಿಸಿ ಹೇಳುವ ಸಂಗತಿ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ. 2020ರ ಜುಲೈಯಿಂದ ಇರುವ ಈ ನೋಂದಣಿ ಉಚಿತ, ಆಧಾರ್ ಆಧಾರಿತ, ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಒಬ್ಬರೇ ಕೂತು ಸೇವೆ ಒದಗಿಸುವ ಬರಹಗಾರರೂ ಸೂಕ್ಷ್ಮ ಉದ್ಯಮವೆಂದು ನೋಂದಾಯಿಸಿಕೊಳ್ಳುತ್ತಾರೆ. ಅದರಿಂದಾಗುವ ಲಾಭ 2006ರ ಎಂಎಸ್‌ಎಂಇ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಲ್ಲಿದೆ: ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸೇವೆ ಪಡೆದವರು 45 ದಿನಗಳೊಳಗೆ ಹಣ ಕೊಡಬೇಕು, ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. 2023-24ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲೂ ಒಂದು ನಿಯಮ ಸೇರಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವು ಮೀರಿ ಉಳಿಸಿಕೊಂಡ ಹಣವನ್ನು ನಿಜವಾಗಿ ಪಾವತಿ ಮಾಡುವವರೆಗೆ ಕಂಪನಿ ತನ್ನ ಖರ್ಚಿನ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಬೆಂಗಳೂರಿನ ಒಂದು ಏಜೆನ್ಸಿ ನನ್ನ ಬಿಲ್ಲನ್ನು ಮುಂದಿನ ವಾರ, ಮುಂದಿನ ವಾರ ಎಂದು ತಿಂಗಳುಗಟ್ಟಲೆ ತಳ್ಳುತ್ತಿತ್ತು. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿ, ಜೊತೆಗೆ ಈ ನಿಯಮವನ್ನು ಅವರ ಲೆಕ್ಕಪತ್ರ ವಿಭಾಗಕ್ಕೆ ವಿನಯದಿಂದ ತಿಳಿಸಿದ ಮೇಲೆ, ಮಾರ್ಚ್ ಮುಗಿಯುವುದರೊಳಗೆ ಬಾಕಿ ಬಂತು. ಬರಹದ ಗುಣ ಕೊಂಡಾಡುತ್ತಿದ್ದ ವ್ಯವಸ್ಥಾಪಕರಿಂದ ಆಗದ ಕೆಲಸ ಲೆಕ್ಕಪತ್ರದವರಿಂದ ಆಯಿತು.

ತೆರಿಗೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಂಪನಿಗಳು ವೃತ್ತಿ ಶುಲ್ಕದಲ್ಲಿ ಶೇ 10ರಷ್ಟು ಟಿಡಿಎಸ್ ಹಿಡಿದರೆ ಅದು ಕಳೆದುಹೋದ ಹಣವಲ್ಲ, ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾದ ತೆರಿಗೆ. ರಿಟರ್ನ್ ಸಲ್ಲಿಸಿದರೆ ಹೆಚ್ಚಾದದ್ದು ವಾಪಸ್ ಬರುತ್ತದೆ. ಹಿಡಿದದ್ದು ನಿಜವಾಗಿ ಜಮೆಯಾಗಿದೆಯೇ ಎಂದು ತೆರಿಗೆ ಇಲಾಖೆ ಕೊಡುವ ಜಮೆಯ ವಿವರಪಟ್ಟಿ ತೆಗೆದು ಆಗಾಗ ನೋಡಿಕೊಳ್ಳಬೇಕು. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬೇರೆ ರಾಜ್ಯದ ಕ್ಲೈಂಟ್ ಇದ್ದರೂ 2017ರ ಅಕ್ಟೋಬರ್‌ನಿಂದ ಅದೇ ಮಿತಿ.

ಮೈಸೂರಿನಲ್ಲಿರುವುದರಿಂದ ನಿಮಗೆ ಖರ್ಚು ಕಡಿಮೆಯಲ್ಲವೇ ಎಂದು ದರ ಇಳಿಸಲು ಕೇಳುವುದು ಬೆಂಗಳೂರಿನವರ ವಾಡಿಕೆಯಾಗಿದೆ. ಬಾಡಿಗೆ ಕಡಿಮೆ ಎಂಬುದು ನಿಜ. ಆದರೆ ಇಲ್ಲಿರುವುದರಿಂದ ನಾನು ಅವರಿಗೆ ಕೊಡಬಲ್ಲದ್ದೇನು ಎಂದು ಅವರು ಕೇಳುವುದಿಲ್ಲ. ಸೋಮನಾಥಪುರದ ಬಗ್ಗೆ ಬರೆಯುವಾಗ ಜಾಲದಲ್ಲಿ ಒಬ್ಬರದ್ದನ್ನು ಒಬ್ಬರು ನಕಲು ಮಾಡಿದ ಇಸವಿಗಳನ್ನು ಬಿಟ್ಟು, ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಮೈಸೂರು ಜಿಲ್ಲೆಯ ಶಾಸನಗಳನ್ನು ಗ್ರಂಥಾಲಯದಲ್ಲಿ ಬಿಡಿಸಿ ನೋಡಬಹುದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳಿವೆ. 1969ರಿಂದ ಇಲ್ಲಿರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಿದೆ. ನಂಜನಗೂಡು ರಸಬಾಳೆಗೆ ಬಂದ ಪನಾಮ ಸೊರಗು ರೋಗದ ಬಗ್ಗೆ ಬರೆಯಬೇಕಾದರೆ ತೋಟದವರನ್ನೇ ಹೋಗಿ ಕೇಳಿಬರಬಹುದು. ಇದೆಲ್ಲ ದರದಲ್ಲಿ ಏರಿಕೆಗೆ ಕಾರಣವಾಗಬೇಕು, ಇಳಿಕೆಗಲ್ಲ.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಈ ಲೆಕ್ಕವೇ ಬದಲಾಯಿತು. ಮೊದಲು ಹೋದದ್ದು ಪದಗೂಲಿಯ ಕೆಲಸ. ಹತ್ತು ಪ್ರಯೋಜನಗಳು, ಐದು ಸಲಹೆಗಳು ಎಂಬ ಬಗೆಯ ಬರಹವನ್ನು ಯಂತ್ರ ಕ್ಷಣದಲ್ಲಿ ಕೊಡುತ್ತದೆ, ಅದನ್ನೇ ನೆಚ್ಚಿಕೊಂಡಿದ್ದ ನನ್ನ ಪರಿಚಯದ ಇಬ್ಬರು ಬೇರೆ ಕೆಲಸ ನೋಡಿಕೊಂಡರು. ಇಬ್ಬರೂ ಒಳ್ಳೆಯ ಬರಹಗಾರರು. ಮಾರುಕಟ್ಟೆ ಅವರ ಕೈಯಿಂದ ಬರೆಸಿದ್ದು ಯಂತ್ರಕ್ಕೂ ಸಾಧ್ಯವಾಗುವಂಥದ್ದನ್ನು ಮಾತ್ರ ಎಂಬುದು ನನಗೆ ಈಗಲೂ ನೋವಿನ ಸಂಗತಿ. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ತಯಾರಿಸಿದ ಪುಟಗಳನ್ನು, ಅವು ಮನುಷ್ಯರು ಬರೆದದ್ದೇ ಇರಲಿ ಯಂತ್ರದ್ದೇ ಇರಲಿ, ಕೆಳಗೆ ತಳ್ಳುತ್ತೇವೆ ಎಂದು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಯಮಗಳನ್ನು ಬಿಗಿ ಮಾಡಿತು. ಆಮೇಲೆ ಕೆಲವು ಕ್ಲೈಂಟ್‌ಗಳು ಮರಳಿದರು, ಬೇರೊಂದು ಬೇಡಿಕೆಯೊಂದಿಗೆ: ಯಂತ್ರ ಬರೆದ ಕರಡು ನಮ್ಮಲ್ಲಿದೆ, ನೀವು ಸ್ವಲ್ಪ ತಿದ್ದಿಕೊಟ್ಟರೆ ಸಾಕು, ಕಾಲುಭಾಗ ಹಣ ಕೊಡುತ್ತೇವೆ.

ಅಗರಬತ್ತಿ ತಯಾರಿಸುವ ಒಬ್ಬರು ಹೀಗೆ ಕಳಿಸಿದ ಕರಡು ವ್ಯಾಕರಣದಲ್ಲಿ ಹೆಚ್ಚು ಕೆಟ್ಟದಾಗಿರಲಿಲ್ಲ. ಮೈಸೂರು ಅಗರಬತ್ತಿಯನ್ನು ಶುದ್ಧ ಶ್ರೀಗಂಧದ ಪುಡಿಯಿಂದ ಶತಮಾನಗಳಿಂದ ಕೈಯಲ್ಲಿ ಹೊಸೆಯಲಾಗುತ್ತಿದೆ ಎಂದು ಅದರಲ್ಲಿತ್ತು. ಅವರ ಕಾರ್ಖಾನೆಯಲ್ಲಿ ನಾನು ಕಂಡದ್ದು ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗೆ ಮರದ ತೊಗಟೆಯ ಜಿಗಟು ಪುಡಿ, ಅದನ್ನು ಬಿದಿರು ಕಡ್ಡಿಗೆ ಮೆತ್ತುವ ಯಂತ್ರ, ಒಣಗಿದ ಕಚ್ಚಾ ಬತ್ತಿಗಳ ಕಟ್ಟನ್ನು ಡಿಇಪಿ ಎಂಬ ದ್ರಾವಕದಲ್ಲಿ ಬೆರೆಸಿದ ಸುಗಂಧದಲ್ಲಿ ಅದ್ದಿ ತೆಗೆಯುವ ಹೆಂಗಸರು. ಅದ್ದಿದ ಕಟ್ಟನ್ನು ತಲೆಕೆಳಗು ಮಾಡಿ ಒಂದು ಬಾರಿ ಕೊಡವಿ, ಬೀಸಣಿಗೆಯ ಹಾಗೆ ಹರಡುವ ಆ ಕೈಗಳ ವೇಗವನ್ನು ನಿಂತು ನೋಡಿದವರು ಯಾರೂ ಆ ಕರಡನ್ನು ಬರೆಯುತ್ತಿರಲಿಲ್ಲ. ಹೊರದೇಶದ ಕಚ್ಚಾ ಬತ್ತಿಯ ಆಮದನ್ನು 2019ರ ಆಗಸ್ಟ್‌ನಲ್ಲಿ ನಿರ್ಬಂಧಿಸಿದ್ದು, 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿದ್ದು ಇವರ ವ್ಯಾಪಾರದ ಲೆಕ್ಕವನ್ನೇ ಬದಲಿಸಿದ ಘಟನೆಗಳು; ಮಾಲೀಕರು ಚಹಾ ಕುಡಿಯುತ್ತಾ ಅರ್ಧ ಗಂಟೆ ಅದನ್ನೇ ಮಾತಾಡಿದರು. ಕರಡಿನಲ್ಲಿ ಅದರ ಸುಳಿವೂ ಇರಲಿಲ್ಲ.

ಕರಡು ತಿದ್ದುವುದಕ್ಕೆ ನನ್ನ ದರ ಹೊಸದಾಗಿ ಬರೆಯುವ ದರವೇ ಎಂದು ಅವರಿಗೆ ತಿಳಿಸಿದೆ. ಒಂದೊಂದು ವಾಕ್ಯವನ್ನೂ ಸಂಶಯದಿಂದ ನೋಡಿ, ಕೇಳಿ, ಪರೀಕ್ಷಿಸುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಕಡಿಮೆಯಂತೂ ಅಲ್ಲ. ಅವರು ಎರಡು ದಿನ ಯೋಚಿಸಿದರು. ಶ್ರೀಗಂಧದ ಸಾಲನ್ನು ತೆಗೆದುಬಿಟ್ಟರೆ ಓದುವವರಿಗೆ ಏನು ಉಳಿಯುತ್ತದೆ ಎಂಬ ಅವರ ಪ್ರಶ್ನೆಗೆ, ನಿಮ್ಮ ಬತ್ತಿ ಸಮನಾಗಿ ಉರಿಯುವುದು ಏಕೆ, ಅಗ್ಗದ ಬತ್ತಿ ಹೊಗೆ ಹೆಚ್ಚು ಬಿಡುವುದು ಏಕೆ, ಅದ್ದುವ ಕೆಲಸಕ್ಕೆ ಇಂದಿಗೂ ಕೈಯೇ ಏಕೆ ಬೇಕು ಎಂಬ ಮೂರು ಬರಹಗಳು ಉಳಿಯುತ್ತವೆ ಎಂದೆ. ಮೂರಕ್ಕೂ ಅರ್ಧ ಅಡ್ವಾನ್ಸ್ ಬಂದಿದೆ. ಕೈಕೆಲಸದ ಬರಹವನ್ನು ಮೊದಲು ಬರೆಯುತ್ತಿದ್ದೇನೆ, ಅದರಲ್ಲಿ ಅದ್ದುವ ಹೆಂಗಸರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಹಾಕಬೇಕೆಂಬ ಷರತ್ತಿಗೆ ಮಾಲೀಕರು ಸಹಿ ಮಾಡಿದ್ದಾರೆ.